ಡಿಸೆಂಬರ್‌ನಲ್ಲಿ ಕೊಂಡ ಟಿಕೆಟ್, ಜೂನ್‌ನಲ್ಲಿ ಬರಲಾಗದ ಗೆಳೆಯ

ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಅಕ್ಟೋಬರ್ ಆರಂಭದಲ್ಲಿ ನಡೆಯುವ ಹಾರ್ಡ್ಲಿ ಸ್ಟ್ರಿಕ್ಟ್ಲಿ ಬ್ಲೂಗ್ರಾಸ್ ಎಂಬ ಸಂಗೀತದ ಹಬ್ಬಕ್ಕೆ ಟಿಕೆಟ್ ಇಲ್ಲ. ವಾರೆನ್ ಹೆಲ್ಮನ್ ಎಂಬ ಹಣಕಾಸು ಉದ್ಯಮಿ 2001ರಲ್ಲಿ ಅದನ್ನು ತಮ್ಮ ದುಡ್ಡಿನಲ್ಲಿ ಆರಂಭಿಸಿದರು. ಅವರಿಗೆ ಸ್ವತಃ ಬ್ಯಾಂಜೊ ಎಂಬ ತಂತಿವಾದ್ಯ ನುಡಿಸುವ ಹುಚ್ಚಿತ್ತು. 2011ರಲ್ಲಿ ಅವರು ತೀರಿಕೊಂಡ ಮೇಲೂ ಹಬ್ಬ ಉಚಿತವಾಗಿಯೇ ನಡೆದುಕೊಂಡು ಬಂದಿದೆ. ಅಲ್ಲಿಗೆ ಬರಲಾಗದವರು ಬರುವುದಿಲ್ಲ, ಅಷ್ಟೆ. ಅವರು ಬಾರದಿರುವುದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ನಾನು ಹೋಗುವ ಬ್ಲೂಗ್ರಾಸ್ ಸಂಗೀತದ ಹಬ್ಬ ಕೊಲೊರಾಡೊದ ಟೆಲುರೈಡ್‌ ಎಂಬ ಊರಿನದು. ಜೂನ್ ತಿಂಗಳ ನಡುವೆ, ವರ್ಷದ ಅತಿ ದೀರ್ಘ ಹಗಲಿನ ಆಸುಪಾಸಿನಲ್ಲಿ, ಗುರುವಾರದಿಂದ ಭಾನುವಾರದವರೆಗೆ ನಡೆಯುತ್ತದೆ. ಇಲ್ಲಿಗೆ ಬರಲಾಗದ ಪ್ರತಿಯೊಬ್ಬರೂ ಹಿಂದೆ ಒಂದು ಟಿಕೆಟ್ ಬಿಟ್ಟಿರುತ್ತಾರೆ. ಮಾರಾಟ ಶುರುವಾದಾಗ ಟಿಕೆಟ್‌ಗಾಗಿ ನೂಕುನುಗ್ಗಲಿರುತ್ತದೆ, ಸಿಗದವರು ಕೈ ಹಿಸುಕಿಕೊಳ್ಳುತ್ತಾರೆ. ಮೇ ತಿಂಗಳು ಬರುವ ಹೊತ್ತಿಗೆ ನೋಡಿದರೆ ಡೆನ್ವರ್ ಸುತ್ತಮುತ್ತ ಈ ಸಂಗೀತದ ಅಭಿಮಾನಿಗಳು ಸೇರುವಲ್ಲೆಲ್ಲ ಒಂದೇ ಮಾತು: ನಮ್ಮ ಹತ್ತಿರ ಒಂದು ಹೆಚ್ಚಿಗೆ ಇದೆ, ಯಾರಿಗಾದರೂ ಬೇಕೆ? ಟಿಕೆಟ್ ಸಿಗುವುದೇ ಇಲ್ಲ ಎನ್ನುವ ಹಬ್ಬದಲ್ಲೇ ಟಿಕೆಟ್ ಹೆಚ್ಚು ಉಳಿಯುತ್ತದೆ. ಇದು ಹೇಗೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ನಾನು ಮೊದಲ ಸಲ ಆ ಬಯಲಿನಲ್ಲಿ ಕುಳಿತದ್ದೇ ಇಂಥ ಉಳಿಕೆಯ ಟಿಕೆಟ್ಟೊಂದರ ದೆಸೆಯಿಂದ.

ಊರಿನ ಆಕಾರದಲ್ಲೇ ಅರ್ಧ ಉತ್ತರವಿದೆ. ಸಮುದ್ರಮಟ್ಟದಿಂದ 8,750 ಅಡಿ ಎತ್ತರದಲ್ಲಿ, ಸ್ಯಾನ್ ವಾನ್ ಪರ್ವತಗಳ ನಡುವೆ, ಮೂರು ಕಡೆ ಕಡಿದಾದ ಬಂಡೆಗೋಡೆ ಇರುವ ಕಣಿವೆಯ ತುದಿಯಲ್ಲಿ ಟೆಲುರೈಡ್ ಇದೆ. ವಾಹನಗಳು ಬರುವ ಹೆದ್ದಾರಿ ಪಶ್ಚಿಮದ ಕಡೆಯಿಂದ ಒಂದೇ. ಪೂರ್ವಕ್ಕೆ ಹೋದರೆ ಬ್ರೈಡಲ್ ವೇಲ್ ಜಲಪಾತವಿರುವ ಬೆಟ್ಟ ಎದುರಾಗುತ್ತದೆ. ಒಂದು ಕಾಲದ ಗಣಿಗಾರಿಕೆಯ ಊರು. 1972ರಲ್ಲಿ ಸ್ಕೀಯಿಂಗ್ ತಾಣ ತೆರೆದ ಮೇಲೆ ಮರುಜೀವ ಪಡೆಯಿತು. ಕಾಯಂ ನಿವಾಸಿಗಳು ಎರಡೂವರೆ ಸಾವಿರದ ಆಸುಪಾಸು, ಹಬ್ಬದ ದಿನ ಬರುವವರು ಹತ್ತು ಸಾವಿರದ ಆಸುಪಾಸು. ಹಬ್ಬ ನಡೆಯುವ ಟೌನ್ ಪಾರ್ಕಿನ ಬಯಲನ್ನು ಹಿಗ್ಗಿಸಲು ಜಾಗವಿಲ್ಲ. ಊರಿನಲ್ಲಿ ಮಲಗಲು ಹಾಸಿಗೆಗಳೂ ಕಡಿಮೆ, ಇರುವವು ಬಲು ದುಬಾರಿ. ಪಾರ್ಕಿನೊಳಗೇ ಡೇರೆ ಹಾಕಲು ಅನುಮತಿ ಬೇಕಾದರೆ ಲಾಟರಿಯಲ್ಲಿ ಹೆಸರು ಬರಬೇಕು.

ಹಬ್ಬ ಜೂನ್‌ನಲ್ಲಾದರೂ ಟಿಕೆಟ್‌ಗಳ ಚಿಂತೆ ಶುರುವಾಗುವುದು ಹಿಂದಿನ ವರ್ಷದ ಚಳಿಯಲ್ಲಿ. ಹೊರಗೆ ಹಿಮ ಬೀಳುತ್ತಿರುವಾಗ, ಇನ್ನೂ ಆರು ತಿಂಗಳಾಚೆ ಇರುವ ನಾಲ್ಕು ದಿನಗಳಿಗೆ ಹಣ ಕಟ್ಟಬೇಕು. ಯಾರು ಯಾರು ನುಡಿಸುತ್ತಾರೆ ಎಂಬ ಪೂರ್ತಿ ಪಟ್ಟಿ ಬಹಳ ಸಲ ಆಗಿನ್ನೂ ಹೊರಬಿದ್ದಿರುವುದಿಲ್ಲ. ಹಳಬರಿಗೆ ಪಟ್ಟಿ ಬೇಕಾಗಿಯೂ ಇಲ್ಲ. 1975ರಿಂದ ಒಂದು ಹಬ್ಬವನ್ನೂ ತಪ್ಪಿಸದೆ ಬರುತ್ತಿರುವ ಸ್ಯಾಮ್ ಬುಷ್ ಮ್ಯಾಂಡೊಲಿನ್ ಹಿಡಿದು ಈ ಸಲವೂ ನಿಲ್ಲುತ್ತಾರೆ ಎಂಬ ನಂಬಿಕೆಯೇ ಅವರಿಗೆ ಸಾಕು. ಟೆಲುರೈಡ್‌ನ ರಾಜ ಎಂದು ಜನ ಅವರನ್ನು ಕರೆಯುವುದು ಬರಿಯ ಹೊಗಳಿಕೆಯಲ್ಲ. ಅವರು ಇಲ್ಲದ ಜೂನ್ ತಿಂಗಳನ್ನು ಆ ಊರಿನವರು ಊಹಿಸಿಕೊಳ್ಳಲಾರರು.

ಮಾರಾಟದ ದಿನ ನಮ್ಮ ಗುಂಪಿನಲ್ಲಿ ನಡೆಯುವುದನ್ನು ಹೇಳುತ್ತೇನೆ, ಬೇರೆ ಗುಂಪುಗಳಲ್ಲೂ ಹೀಗೇ ನಡೆಯುವುದನ್ನು ಕೇಳಿದ್ದೇನೆ. ಐದಾರು ಮಂದಿ ಒಂದೇ ಗಳಿಗೆಗೆ ಬೇರೆ ಬೇರೆ ಮನೆಗಳಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತೇವೆ. ಯಾರಿಗೆ ಸಿಗುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಆದ್ದರಿಂದ ಪ್ರತಿಯೊಬ್ಬರೂ ತಮ್ಮದೊಂದನ್ನೇ ಕೊಳ್ಳದೆ ಎಲ್ಲರಿಗಾಗುವಷ್ಟು ಕೊಳ್ಳಲು ಪ್ರಯತ್ನಿಸುತ್ತಾರೆ. ಕೆಲವರ ಪರದೆ ಅರ್ಧದಲ್ಲೇ ನಿಂತುಬಿಡುತ್ತದೆ. ಇಬ್ಬರಿಗೆ ಒಟ್ಟಿಗೆ ಸಿಕ್ಕಿಬಿಡುತ್ತದೆ. ಒಬ್ಬರ ಹಣ ಪಾವತಿಯಾಗಿದೆ ಎಂಬ ಸುದ್ದಿ ಇನ್ನೊಬ್ಬರಿಗೆ ತಲುಪುವಷ್ಟರಲ್ಲಿ ಅವರೂ ಕೊಂಡಾಗಿರುತ್ತದೆ. ಇದರ ಮೇಲೆ ಡೇರೆಯ ಲಾಟರಿ. ಹಬ್ಬದ ಪಾಸನ್ನೂ ಡೇರೆಯ ಜಾಗವನ್ನೂ ಒಟ್ಟಿಗೇ ಕೊಳ್ಳುವ ವ್ಯವಸ್ಥೆ ಇರುವುದರಿಂದ, ಗುಂಪಿನಲ್ಲಿ ಒಬ್ಬರಿಗೆ ಲಾಟರಿ ಹತ್ತಿ ಇನ್ನೊಬ್ಬರು ಮುನ್ನೆಚ್ಚರಿಕೆಗೆಂದು ಬರಿಯ ಪಾಸ್‌ಗಳನ್ನು ಕೊಂಡಿದ್ದರೆ ತಲೆಗಿಂತ ಟಿಕೆಟ್ ಹೆಚ್ಚಾಗುತ್ತದೆ. ತದ್ವಿರುದ್ಧವೂ ಉಂಟು: ಟಿಕೆಟ್ ಸಿಕ್ಕಿದೆ, ಮಲಗಲು ಜಾಗ ಸಿಕ್ಕಿಲ್ಲ. ಮಾರ್ಚ್‌ವರೆಗೆ ಬಾಡಿಗೆಮನೆ ಹುಡುಕಿ, ಬೆಲೆ ಕೇಳಿ, ಕೈಚೆಲ್ಲಿ ಟಿಕೆಟ್ ಬಿಟ್ಟುಕೊಟ್ಟವರನ್ನು ನಾನು ಬಲ್ಲೆ.

ಈ ಅತಿರೇಕಕ್ಕೆ ದುರಾಸೆ ಕಾರಣವೆಂದು ಹೊರಗಿನವರು ಹೇಳುವುದನ್ನು ಕೇಳಿದರೆ ನನಗೆ ನೋವಾಗುತ್ತದೆ. ಒಬ್ಬೊಬ್ಬರೂ ಬೇಕಾದ್ದಕ್ಕಿಂತ ಒಂದೆರಡು ಹೆಚ್ಚು ಕೊಳ್ಳುವುದು ತಮಗಾಗಿ ಅಲ್ಲ. ಕಳೆದ ವರ್ಷ ಬರಬೇಕೆಂದಿದ್ದ ತಮ್ಮ, ಹೊಸದಾಗಿ ಫಿಡಲ್ ಕಲಿಯುತ್ತಿರುವ ಪಕ್ಕದ ಮನೆಯ ಹುಡುಗಿ, ನೋಡೋಣ ಎಂದಷ್ಟೇ ಹೇಳಿದ ಗೆಳೆಯ, ಇವರಿಗೆಲ್ಲ ಜಾಗ ಹಿಡಿದಿಡುವುದು ಅದರ ಉದ್ದೇಶ. ಇದು ಬ್ಲೂಗ್ರಾಸ್‌ನ ಸ್ವಭಾವಕ್ಕೇ ಅಂಟಿಕೊಂಡ ಗುಣ ಎಂಬುದು ನನ್ನ ನಂಬಿಕೆ.

ಈ ಸಂಗೀತದ ಪರಿಚಯ ಇಲ್ಲದವರಿಗೆ ನಾಲ್ಕು ಮಾತು. ಕೆಂಟಕಿಯ ರೋಸೀನ್ ಎಂಬ ಸಣ್ಣ ಊರಿನಲ್ಲಿ 1911ರಲ್ಲಿ ಹುಟ್ಟಿದ ಬಿಲ್ ಮನ್ರೋ ತಮ್ಮ ತಂಡಕ್ಕೆ ಬ್ಲೂ ಗ್ರಾಸ್ ಬಾಯ್ಸ್ ಎಂದು ಹೆಸರಿಟ್ಟರು, ಆ ಹೆಸರೇ ಮುಂದೆ ಇಡೀ ಪ್ರಕಾರಕ್ಕೆ ನಿಂತಿತು. 1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ಮೂರು ಬೆರಳುಗಳ ಬ್ಯಾಂಜೊ ವಾದನದೊಂದಿಗೆ ಆ ತಂಡಕ್ಕೆ ಸೇರಿದಾಗ ಇಂದು ನಾವು ಕೇಳುವ ಬ್ಲೂಗ್ರಾಸ್‌ನ ಚಹರೆ ಸ್ಪಷ್ಟವಾಯಿತು. ಸ್ಕಾಟ್‌ಲೆಂಡ್, ಐರ್ಲೆಂಡ್‌ಗಳಿಂದ ಬಂದವರ ಫಿಡಲ್ ಮಟ್ಟುಗಳು, ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಬ್ಯಾಂಜೊ ಮತ್ತು ಬ್ಲೂಸ್, ಚರ್ಚಿನ ಸಾಮೂಹಿಕ ಗಾಯನ, ಎಲ್ಲವೂ ಇದರಲ್ಲಿ ಬೆರೆತಿವೆ. ಸಾಂಪ್ರದಾಯಿಕ ತಂಡದಲ್ಲಿ ಡ್ರಮ್ ಇಲ್ಲ. ತಾಳದ ಎಡೆಪೆಟ್ಟನ್ನು ಮ್ಯಾಂಡೊಲಿನ್ ತುಂಡರಿಸಿದ ಸದ್ದಿನಲ್ಲಿ ಹಿಡಿದುಕೊಳ್ಳುತ್ತದೆ. ಒಬ್ಬೊಬ್ಬರೂ ಸರದಿಯಂತೆ ಮುಂದೆ ಬಂದು ತಮ್ಮ ಕಲ್ಪನೆಯನ್ನು ಬಿಚ್ಚಿ ಹಿಂದಕ್ಕೆ ಸರಿಯುತ್ತಾರೆ. ನನಗೆ ಇದರ ದಾರಿ ತೋರಿಸಿದವರು ಜಾಕಿರ್ ಹುಸೇನ್. ಬ್ಯಾಂಜೊದ ಬೇಲಾ ಫ್ಲೆಕ್ ಮತ್ತು ಡಬಲ್ ಬಾಸ್‌ನ ಎಡ್ಗರ್ ಮೇಯರ್ ಜೊತೆ ಅವರು ತಬಲಾ ನುಡಿಸಿದ್ದನ್ನು ಕೇಳುತ್ತ ಕೇಳುತ್ತ, ಈ ಇಬ್ಬರು ಎಲ್ಲಿಂದ ಬಂದವರು ಎಂದು ಹುಡುಕಿಕೊಂಡು ಹೋದೆ. ಆ ದಾರಿ ಟೆಲುರೈಡ್‌ನ ವೇದಿಕೆಗೆ ಬಂದು ತಲುಪಿತು.

ವೇದಿಕೆಯ ಮೇಲೆ ನಡೆಯುವುದು ಹಬ್ಬದ ಅರ್ಧ ಭಾಗ. ಉಳಿದರ್ಧ ಡೇರೆಗಳ ನಡುವೆ ನಡೆಯುತ್ತದೆ. ರಾತ್ರಿ ಹನ್ನೊಂದಕ್ಕೋ ಹನ್ನೆರಡಕ್ಕೋ ಯಾರೋ ಗಿಟಾರ್ ತೆಗೆಯುತ್ತಾರೆ, ಇನ್ನೊಬ್ಬರು ಮ್ಯಾಂಡೊಲಿನ್ ತರುತ್ತಾರೆ, ಮೂರನೆಯವರು ಅಪರಿಚಿತರು. ಎಲ್ಲರಿಗೂ ಗೊತ್ತಿರುವ ಹಳೆಯ ಮಟ್ಟುಗಳಿರುವುದರಿಂದ ಹೆಸರು ಕೇಳುವ ಮೊದಲೇ ಜೊತೆಗೂಡಿ ನುಡಿಸಬಹುದು. 1965ರ ಸೆಪ್ಟೆಂಬರ್‌ನಲ್ಲಿ ವರ್ಜೀನಿಯದ ಫಿನ್‌ಕಾಸಲ್ ಬಳಿಯ ಕುದುರೆ ಫಾರಂ ಒಂದರಲ್ಲಿ ಕಾರ್ಲ್‌ಟನ್ ಹೇನಿ ಹಲವು ದಿನಗಳ ಮೊದಲ ಬ್ಲೂಗ್ರಾಸ್ ಹಬ್ಬವನ್ನು ನಡೆಸಿದಂದಿನಿಂದ, ಹುಲ್ಲಿನ ಮೇಲೆ ಉಳಿದುಕೊಂಡು ಕೇಳುವುದು, ಕೇಳಿದ್ದನ್ನು ನುಡಿಸುವುದು ಈ ಹಬ್ಬಗಳ ಜೀವಾಳ. ಇಂಥ ಹಬ್ಬಕ್ಕೆ ಒಬ್ಬರೇ ಹೋಗುವ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಡಿಸೆಂಬರ್‌ನಲ್ಲಿ ಕುಳಿತು, ನುಡಿಸುವವರ ವೃತ್ತದಲ್ಲಿ ಬಾಸ್ ಹಿಡಿಯುವವರು ಬೇಕು, ಹಾಡುವವರು ಬೇಕು, ಬೆಳಿಗ್ಗೆ ಕಾಫಿ ಕಾಯಿಸುವವರೂ ಬೇಕು ಎಂದು ತಲೆ ಎಣಿಸುತ್ತಾರೆ. ಎಣಿಸಿದವರೆಲ್ಲ ಜೂನ್‌ಗೆ ಬರುತ್ತಾರೆ ಎಂದು ನಂಬಿಯೇ ಎಣಿಸುತ್ತಾರೆ.

ಆರು ತಿಂಗಳಲ್ಲಿ ಏನೇನಾಗುತ್ತದೆ!

ನನಗೆ ಮೊದಲ ಟಿಕೆಟ್ ಕೊಟ್ಟ ಸಹೋದ್ಯೋಗಿಯ ಮಗಳಿಗೆ ಹೆರಿಗೆಯ ದಿನ ಹಬ್ಬದ ವಾರಕ್ಕೇ ಬಂದಿತ್ತು. ಟಿಕೆಟ್ ಕೊಂಡಾಗ ಮಗಳು ಬಸುರಿ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಅಜ್ಜಿಯಾಗುವ ಸಂಭ್ರಮದಲ್ಲಿ ಅವರು ಟಿಕೆಟ್ಟನ್ನು ನನ್ನ ಮೇಜಿನ ಮೇಲಿಟ್ಟು, ಬೆಲೆಯನ್ನು ನಿಧಾನವಾಗಿ ಕೊಡಿ ಎಂದು ಹೋದರು. ಮುಂದೆ ನೋಡುತ್ತ ಬಂದಂತೆ ಕಾರಣಗಳ ವೈವಿಧ್ಯ ನನ್ನನ್ನು ಬೆರಗುಗೊಳಿಸಿತು. ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಅಂತೂ ದಿನ ಸಿಕ್ಕಿತು, ಅದು ಜೂನ್‌ನಲ್ಲಿ. ಕೆಲಸ ಹೋಯಿತು, ಅಥವಾ ಹೊಸ ಕೆಲಸ ಸಿಕ್ಕಿತು, ಮೊದಲ ತಿಂಗಳು ರಜೆ ಕೇಳುವ ಹಾಗಿಲ್ಲ. ಮದುವೆ ಮುರಿಯಿತು, ಇಬ್ಬರೂ ಒಂದೇ ಬಯಲಿಗೆ ಬರಲಾರರು. ಎಪ್ಪತ್ತರ ದಶಕದಿಂದ ಬರುತ್ತಿದ್ದವರಿಗೆ ಈಗ ಎಪ್ಪತ್ತು ದಾಟಿದೆ, ಎಂಟೂವರೆ ಸಾವಿರ ಅಡಿಗಿಂತ ಮೇಲಿನ ತೆಳುಗಾಳಿ ಬೇಡ ಎಂದು ಹೃದಯದ ವೈದ್ಯರು ಹೇಳಿದ್ದಾರೆ.

ಬೆಂಕಿಯೂ ಒಂದು ಕಾರಣ. 2018ರ ಜೂನ್ ಒಂದರಂದು ಡ್ಯುರಾಂಗೊ ಊರಿನ ಉತ್ತರಕ್ಕೆ ಹೊತ್ತಿದ, 416 ಎಂಬ ಹೆಸರಿನಿಂದ ಗುರುತಿಸಲಾದ ಕಾಳ್ಗಿಚ್ಚು ಐವತ್ತು ಸಾವಿರಕ್ಕೂ ಹೆಚ್ಚು ಎಕರೆಯನ್ನು ಸುಟ್ಟಿತು. ಹೆದ್ದಾರಿ 550 ಆಗಾಗ ಮುಚ್ಚಿತು, ಸ್ಯಾನ್ ವಾನ್ ರಾಷ್ಟ್ರೀಯ ಅರಣ್ಯವನ್ನೇ ಕೆಲವು ದಿನ ಜನರಿಗೆ ಬಂದ್ ಮಾಡಿದರು. ಅಂಥ ಬೇಸಿಗೆಯಲ್ಲಿ ಉಬ್ಬಸ ಇರುವವರು, ಪುಟ್ಟ ಮಕ್ಕಳಿರುವವರು ಪಶ್ಚಿಮ ಕೊಲೊರಾಡೊದತ್ತ ಹೊರಡಲು ಹಿಂಜರಿಯುತ್ತಾರೆ, ಹಬ್ಬ ನಡೆದರೂ ಸರಿ. 2020ರಲ್ಲಂತೂ ಹಬ್ಬವೇ ನಡೆಯಲಿಲ್ಲ. ಕೊರೊನಾದ ಹೆಸರೂ ಕೇಳದ ಕಾಲದಲ್ಲಿ ಕೊಂಡಿದ್ದ ಟಿಕೆಟ್‌ಗಳು ಜನರ ಕೈಯಲ್ಲಿ ಉಳಿದವು. 2021ರಲ್ಲಿ ಜನಸಂಖ್ಯೆ ಕಡಿಮೆ ಮಾಡಿ ಎರಡು ವಾರಾಂತ್ಯಗಳಲ್ಲಿ ಹಬ್ಬ ನಡೆಸಿದರು.

ಇಲ್ಲಿರುವ ಕನ್ನಡದವರಿಗೆ ನಮ್ಮದೇ ಆದ ಕಾರಣಗಳಿವೆ. ಶಾಲೆಗೆ ಬೇಸಿಗೆ ರಜೆ ಬರುವುದು ಜೂನ್‌ನಲ್ಲಿ, ಊರಿಗೆ ಹೋಗುವುದೂ ಆಗಲೇ. ವಿಮಾನದ ದರ ಸ್ವಲ್ಪ ಇಳಿದದ್ದು ಕಂಡರೆ ಗಂಡ ಆ ದಿನವೇ ಕಾದಿರಿಸಿಬಿಡುತ್ತಾನೆ, ಹಬ್ಬದ ದಿನಾಂಕ ಯಾರಿಗೂ ನೆನಪಿರುವುದಿಲ್ಲ. ವೀಸಾ ಮುದ್ರೆಗೆಂದು ಭಾರತಕ್ಕೆ ಹೋದವರು ಹೇಳಿದ ದಿನಕ್ಕೆ ವಾಪಸು ಬರುವ ಖಾತರಿ ಇಲ್ಲ. ತಂದೆತಾಯಿ, ಅತ್ತೆಮಾವ ಬರುವುದೂ ಇಲ್ಲಿನ ಹಿಮ ಕರಗಿದ ಮೇಲೆ. ಒಂದು ವರ್ಷ ನಮ್ಮ ಅತ್ತೆ ಮಾವ ಹಾಸನದಿಂದ ಬಂದಿದ್ದರು. ಇಬ್ಬರನ್ನೂ ಟೆಲುರೈಡ್‌ಗೆ ಕರೆದುಕೊಂಡು ಹೋಗಬೇಕೆಂಬ ಆಸೆ ನನಗೆ ಬಲವಾಗಿತ್ತು, ಅವರಿಗೆಂದೇ ಚಳಿಗಾಲದಲ್ಲಿ ಟಿಕೆಟ್ ಕೊಂಡಿದ್ದೆವು. ಬಂದ ಮೇಲೆ ಮಾವನವರಿಗೆ ಡೆನ್ವರ್‌ನ ಎತ್ತರದಲ್ಲೇ ಉಸಿರು ಕಟ್ಟುತ್ತಿತ್ತು. ನೀವು ಹೋಗಿ ಬನ್ನಿ ಅಮ್ಮಾ, ನಾವು ಮಕ್ಕಳನ್ನು ನೋಡಿಕೊಳ್ಳುತ್ತೇವೆ ಎಂದು ಅತ್ತೆ ಹೇಳಿದರು. ಎರಡು ಟಿಕೆಟ್ ಉಳಿದವು. ಅವನ್ನು ಫೋರ್ಟ್ ಕಾಲಿನ್ಸ್‌ನಿಂದ ಬಂದ ವಿದ್ಯಾರ್ಥಿಗಳಿಬ್ಬರು ಪಡೆದರು.

ಎಷ್ಟಕ್ಕೆ ಕೊಡುವುದು ಎಂಬ ಮಾತು ಈಗ ಬರುತ್ತದೆ. ಹೆಚ್ಚುವರಿ ಟಿಕೆಟ್ ಎಂದರೆ ನನಗೆ ಮೊದಲು ನೆನಪಾಗುತ್ತಿದ್ದದ್ದು ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳು. ಹೌಸ್‌ಫುಲ್ ಫಲಕದ ಕೆಳಗೆ ನಿಂತು, ಮುಖ ಬೇರೆಡೆ ತಿರುಗಿಸಿ, ಬಾಲ್ಕನಿ, ಬಾಲ್ಕನಿ ಎಂದು ಪಿಸುಗುಟ್ಟುವ ಬ್ಲ್ಯಾಕ್ ಟಿಕೆಟ್‌ನವರು. ಅಮೆರಿಕದಲ್ಲೂ ಅವರಿದ್ದಾರೆ, ಈಗ ಅಂತರ್ಜಾಲದಲ್ಲಿ ಕುಳಿತಿರುತ್ತಾರೆ, ದೊಡ್ಡ ಸಂಗೀತ ಕಾರ್ಯಕ್ರಮಗಳ ಟಿಕೆಟ್ಟನ್ನು ಮೂರು ಪಟ್ಟು ಬೆಲೆಗೂ ಮಾರುತ್ತಾರೆ. ಬ್ಲೂಗ್ರಾಸ್ ಅಭಿಮಾನಿಗಳ ನಡುವೆ ಹಾಗೆ ಮಾಡಿದವರಿಗೆ ಮರ್ಯಾದೆ ಇಲ್ಲ. ಕೊಂಡ ಬೆಲೆಗೇ ಕೊಡಬೇಕು. ಎಲ್ಲಿಯೂ ಬರೆದಿಟ್ಟಿಲ್ಲದಿದ್ದರೂ ಬಹುಪಾಲು ಜನ ಪಾಲಿಸುವ ಕಟ್ಟಳೆ ಇದು.

ಈ ಕಟ್ಟಳೆಯ ಒಂದು ಬೇರು ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡದ ಅಭಿಮಾನಿ ಬಳಗದಲ್ಲಿದೆ ಎಂದು ನಾನು ತಿಳಿದಿದ್ದೇನೆ. ಆ ತಂಡದ ಕಾರ್ಯಕ್ರಮಗಳ ಹೊರಗೆ ಟಿಕೆಟ್ ಇಲ್ಲದವರು ಒಂದು ಬೆರಳನ್ನು ಮೇಲೆತ್ತಿ ನಡೆಯುತ್ತಿದ್ದರು: ಒಂದೇ ಒಂದು ಬೇಕು, ಪವಾಡವಾಗಲಿ ಎಂದು. ಕೈಯಲ್ಲಿ ಹೆಚ್ಚಿಗೆ ಇದ್ದವರು ಕೆಲವೊಮ್ಮೆ ಹಣವನ್ನೂ ಕೇಳದೆ ಕೊಟ್ಟುಬಿಡುತ್ತಿದ್ದರು. ಆ ತಂಡದ ಜೆರ್ರಿ ಗಾರ್ಸಿಯ 1973ರಲ್ಲಿ ಮ್ಯಾಂಡೊಲಿನ್‌ನ ಡೇವಿಡ್ ಗ್ರಿಸ್ಮನ್, ಗಾಯಕ ಪೀಟರ್ ರೋವನ್, ಫಿಡಲ್‌ನ ವ್ಯಾಸರ್ ಕ್ಲೆಮೆಂಟ್ಸ್ ಮೊದಲಾದವರ ಜೊತೆ ಓಲ್ಡ್ ಆ್ಯಂಡ್ ಇನ್ ದ ವೇ ಎಂಬ ಬ್ಲೂಗ್ರಾಸ್ ತಂಡ ಕಟ್ಟಿ ಬ್ಯಾಂಜೊ ನುಡಿಸಿದರು. ರೋವನ್ ಅದಕ್ಕೂ ಮೊದಲು ಬಿಲ್ ಮನ್ರೋ ಅವರ ತಂಡದಲ್ಲೇ ಹಾಡಿದವರು. ತಂಡ ಬಾಳಿದ್ದು ಸ್ವಲ್ಪ ಕಾಲ. ಆದರೆ ಉದ್ದ ಕೂದಲಿನ ಒಂದು ಪೀಳಿಗೆಯೇ ಅದನ್ನು ಕೇಳಿ ಬ್ಲೂಗ್ರಾಸ್‌ಗೆ ಬಂತು, ಬರುವಾಗ ಆ ಮೇಲೆತ್ತಿದ ಬೆರಳನ್ನೂ ಜೊತೆಗೆ ತಂದಿತು. ಗುರುವಾರ ಬೆಳಿಗ್ಗೆ ಟೆಲುರೈಡ್‌ನ ಕೊಲೊರಾಡೊ ಅವೆನ್ಯೂನಲ್ಲಿ ನಡೆದರೆ ಇಂದಿಗೂ ಅದು ಕಾಣುತ್ತದೆ.

ಒಂದೇ ಎಂಬುದು ಇಲ್ಲಿ ಮುಖ್ಯ. ಟಿಕೆಟ್ ಹುಡುಕುವವರು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತಾರೆ, ಗಂಡ ಹೆಂಡತಿ, ಇಬ್ಬರು ಗೆಳತಿಯರು. ಉಳಿಯುವ ಟಿಕೆಟ್ ಮಾತ್ರ ಒಂಟಿ. ನಾಲ್ವರಲ್ಲಿ ಒಬ್ಬರು ಹಿಂದೆ ಸರಿದರೆ ಒಂದು, ಇಬ್ಬರಲ್ಲಿ ಒಬ್ಬರಿಗೆ ಜ್ವರ ಬಂದರೆ ಒಂದು. ಎರಡು ಬೇಕಾದವರಿಗೂ ಒಂದೇ ಇರುವವರಿಗೂ ಹೊಂದುವುದಿಲ್ಲ, ಹಾಗಾಗಿ ಬೇಡಿಕೆ ತುಂಬಿರುವ ಊರಿನಲ್ಲೇ ಟಿಕೆಟ್ ಕೊನೆಯ ಗಳಿಗೆಯವರೆಗೂ ಉಳಿದುಬಿಡುತ್ತದೆ. ನಿಜಕ್ಕೂ ಇದು ಅನಗತ್ಯವಾದ ತೊಡಕು. ಇಲ್ಲಿ ಸಂಖ್ಯೆ ಬರೆದ ಕುರ್ಚಿಗಳಿಲ್ಲ, ಬಯಲಿನಲ್ಲಿ ಯಾರು ಎಲ್ಲಿ ಬೇಕಾದರೂ ಕೂರಬಹುದು. ಇಬ್ಬರಿಂದ ಒಂದೊಂದು ಟಿಕೆಟ್ ಕೊಂಡರೂ ಅಕ್ಕಪಕ್ಕವೇ ಕೂರುತ್ತೀರಿ. ಹೊಸಬರಿಗೆ ಇದು ಹೊಳೆಯುವುದಿಲ್ಲ.

ಗಡುವೂ ಇದೆ. ಒಳಗೆ ಹೋಗುವಾಗ ಟಿಕೆಟ್‌ಗೆ ಬದಲಾಗಿ ಮಣಿಕಟ್ಟಿಗೆ ಪಟ್ಟಿ ಬೀಳುತ್ತದೆ. ಬಿದ್ದ ಮೇಲೆ ಅದು ಬೇರೆಯವರ ಕೈಗೆ ಹೋಗುವಂತಿಲ್ಲ. ನಾಲ್ಕು ದಿನದ ಪಾಸ್ ಇದ್ದವರು ಶುಕ್ರವಾರ ರಾತ್ರಿ ತುರ್ತಾಗಿ ಮನೆಗೆ ಹೊರಟರೆ ಉಳಿದೆರಡು ದಿನಗಳ ಜಾಗ ಯಾರಿಗೂ ಸಲ್ಲುವುದಿಲ್ಲ. ಆದ್ದರಿಂದಲೇ ಬುಧವಾರ ಸಂಜೆ ಊರಿನಲ್ಲಿ ಒಂದು ಬಗೆಯ ಧಾವಂತವಿರುತ್ತದೆ. ಜನವರಿಯಲ್ಲಿ ಯಾರೋ ದುಬಾರಿ ಬೆಲೆ ಹೇಳಿ ಇಟ್ಟುಕೊಂಡಿದ್ದ ಟಿಕೆಟ್‌ಗಳೂ ಆಗ ಮೂಲ ಬೆಲೆಗೆ ಇಳಿಯುತ್ತವೆ.

ಬಯಲಿನೊಳಗೆ ಇದರ ಜೊತೆಯ ಇನ್ನೊಂದು ರೂಢಿ ಇದೆ. ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಜನ ಟಾರ್ಪಾಲು ಹೊತ್ತು ಓಡಿ ವೇದಿಕೆಯ ಮುಂದೆ ಹಾಸುತ್ತಾರೆ. ಮಧ್ಯಾಹ್ನ ಆ ಗುಂಪು ಊಟಕ್ಕೋ ನದಿಗೋ ಹೋದಾಗ ಖಾಲಿ ಬಿದ್ದ ಹಾಸಿನ ಮೇಲೆ ಯಾರಾದರೂ ಕೂರಬಹುದು, ಹಾಸಿದವರು ಬಂದಾಗ ಎದ್ದು ಜಾಗ ಬಿಟ್ಟರಾಯಿತು. ಹಿಡಿದ ಜಾಗ ಖಾಲಿ ಇರಬಾರದು ಎಂಬ ಈ ಭಾವನೆಯೇ ಉಳಿದ ಟಿಕೆಟ್ಟನ್ನೂ ಬಯಲಿಗೆ ತಲುಪಿಸುತ್ತದೆ.

ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದಿರುವುದು ಒಬ್ಬ ಹಿರಿಯ ಹೆಂಗಸಿನ ಟಿಕೆಟ್. ಮಾಂಟ್ರೋಸ್ ದಾರಿಯ ಕಾಫಿ ಅಂಗಡಿಯಲ್ಲಿ, ನಮ್ಮ ಕಾರಿನ ಮೇಲೆ ಕಟ್ಟಿದ್ದ ಡೇರೆಗಳನ್ನು ನೋಡಿ ಅವರೇ ಮಾತಿಗೆ ಬಂದರು. ಅವರ ಬಳಿ ಎರಡು ಪಾಸ್ ಇದ್ದವು, ಒಂದು ಬೇಕಾಗಿರಲಿಲ್ಲ. ಗಂಡ ಹಿಂದಿನ ಶರತ್ಕಾಲದಲ್ಲೇ ತೀರಿಕೊಂಡಿದ್ದರು. ಅಂದರೆ ಮಾರಾಟ ಶುರುವಾಗುವ ಮೊದಲೇ. ಅವರು ತಿಳಿದೇ ಎರಡು ಕೊಂಡಿದ್ದರು. ಒಂದು ಎಂದು ಒತ್ತಲು ಆಗಲಿಲ್ಲ ಎಂದರು, ಅಳುತ್ತಿರಲಿಲ್ಲ, ಸರಳವಾಗಿ ಹೇಳಿದರು. ನಮ್ಮ ಹಿಂದೆ ಇನ್ನೊಂದು ಕಾರಿನಲ್ಲಿ, ಟಿಕೆಟ್ ಇಲ್ಲದೆಯೇ ಹೊರಟಿದ್ದ ಗೆಳತಿಯೊಬ್ಬಳಿದ್ದಳು. ಕೊಂಡ ಬೆಲೆಯನ್ನೇ ತೆಗೆದುಕೊಂಡು ಅವರು ಅವಳಿಗೆ ಪಾಸ್ ಕೊಟ್ಟರು. ಶನಿವಾರ ರಾತ್ರಿ ಸ್ಯಾಮ್ ಬುಷ್ ನುಡಿಸುವಾಗ ನಿದ್ದೆ ಬಂತೆಂದು ಹೊರಟುಬಿಡಬೇಡಿ ಎಂದು ಕೇಳಿಕೊಂಡರು. ಆ ಗೆಳತಿ ಆ ನಾಲ್ಕು ದಿನವೂ ಅವರ ಟಾರ್ಪಾಲಿನ ಮೇಲೆಯೇ ಕುಳಿತಳು. ಈಗ ಪ್ರತಿ ವರ್ಷ ಅವರಿಬ್ಬರೂ ಒಟ್ಟಿಗೆ ಟಿಕೆಟ್ ಕೊಳ್ಳುತ್ತಾರೆ.

ವಸಂತದವರೆಗೆ ಟಿಕೆಟ್ ವಾಪಸು ಪಡೆಯುವ ಅವಕಾಶವನ್ನು ಹಬ್ಬಗಳೇ ಕೊಟ್ಟರೆ ಈ ಉಳಿಕೆ ಬಹಳಷ್ಟು ಕಡಿಮೆಯಾಗುತ್ತದೆ, ಬ್ಲ್ಯಾಕ್‌ನಲ್ಲಿ ಮಾರುವವರಿಗೂ ಕೆಲಸವಿರುವುದಿಲ್ಲ. ನಾನು ಇದನ್ನು ಬಲವಾಗಿ ಬಯಸುತ್ತೇನೆ. ಕಲಾವಿದರಿಗೆ, ವೇದಿಕೆಗೆ, ಊರಿಗೆ ಮುಂಗಡ ಕೊಡಲು ಸಂಘಟಕರಿಗೆ ಚಳಿಗಾಲದಲ್ಲೇ ಹಣ ಬೇಕು ಎಂಬುದೂ ನಿಜ. ಆದರೂ ವಾಪಸು ಬಂದ ಟಿಕೆಟ್‌ಗೆ ಕಾದಿರುವವರು ಇದ್ದೇ ಇರುತ್ತಾರಾದ್ದರಿಂದ ನಷ್ಟದ ಭಯ ದೊಡ್ಡದಲ್ಲ. ಹಾಗೆ ಮಾಡಿದರೂ ಜೂನ್ ಮೊದಲ ವಾರದ ಜ್ವರಕ್ಕೆ, ಬೆಂಕಿಗೆ, ಬೇಗ ಬಂದ ಹೆರಿಗೆನೋವಿಗೆ ಯಾವ ನಿಯಮವೂ ಒದಗುವುದಿಲ್ಲ. ಒಂದಿಷ್ಟು ಟಿಕೆಟ್ ಉಳಿದೇ ಉಳಿಯುತ್ತವೆ.

ಅಮೆರಿಕದಲ್ಲಿರುವ ನೀವು ಯಾರಾದರೂ ಒಮ್ಮೆ ಹೋಗಬೇಕೆಂದಿದ್ದು, ಟಿಕೆಟ್ ಸಿಗಲಿಲ್ಲವೆಂದು ಕೈಬಿಟ್ಟಿದ್ದರೆ ದಯವಿಟ್ಟು ಜನವರಿಯಲ್ಲಿ ಮೂರು ಪಟ್ಟು ಕೊಟ್ಟು ಕೊಳ್ಳಬೇಡಿ. ಮೇ ಕೊನೆಯವರೆಗೆ ಕಾಯಿರಿ. ಜೋಡಿಯಾಗಿ ಹೋಗುವವರೂ ಒಂದೊಂದಾಗಿ ಕೇಳಿ. ಫೋಟೊ ಕಳಿಸಿ ಹಣ ಕೇಳುವವರನ್ನು ನಂಬದೆ, ಮುಖತಃ ಸಿಕ್ಕು ಟಿಕೆಟ್ ಕೈಗೆ ಕೊಡುವವರಿಂದ ಕೊಳ್ಳಿ. ಮಲಗುವ ಜಾಗವನ್ನು ಮೊದಲು ಗೊತ್ತುಮಾಡಿಕೊಳ್ಳಿ, ಟೆಲುರೈಡ್‌ನಲ್ಲಿ ಸಿಗದಿದ್ದರೆ ರಿಜ್‌ವೇ ಅಥವಾ ಮಾಂಟ್ರೋಸ್ ನೋಡಿ. ಜೂನ್ ಎಂದು ತೆಳು ಬಟ್ಟೆಯಲ್ಲಿ ಹೋಗಬೇಡಿ: ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ, ನಾಲ್ಕರ ಹೊತ್ತಿಗೆ ಗುಡುಗು ಮಳೆ ಬರಬಹುದು, ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಸ್ವೆಟರ್, ಮಳೆ ಕೋಟು, ಉಣ್ಣೆಯ ಟೋಪಿ ಮೂರೂ ಇರಲಿ.